ಸ್ಲಾವೆನಾಳ ಪಾಲಿನ ನೀರು

ಮದುವೆಯನ್ನಾದರೂ ಸಣ್ಣದಾಗಿ ಮಾಡಿ ಮುಗಿಸಬಹುದು, ಹನ್ನೆರಡನೇ ತರಗತಿ ದಾಟಿದ ಮಗಳನ್ನು ಸೆಂಡಾಫಿಗೆ ಕಳಿಸುವುದನ್ನು ಮಾತ್ರ ಹಾಗೆ ಮಾಡುವಂತಿಲ್ಲ. ಡಾನ್ಯೂಬ್ ದಂಡೆಯ ನಮ್ಮ ಊರಿನಲ್ಲಿ ಅದರಲ್ಲಿ ಕಂಜೂಸಿ ಮಾಡಿದವರನ್ನು ಎದುರುಮನೆಯವರು ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಅದಕ್ಕೇ ನನ್ನ ಗಂಡ ಗೆಂಚೊ, ವಸಂತ ಬಂತೆಂದರೆ ಜರ್ಮನಿಯ ಹೊಲಗಳಿಗೆ ಹೋಗಿ ಬೆನ್ನು ಮುರಿದುಕೊಂಡ. ನಾನು ಬೇಕರಿಯಲ್ಲಿ ಯಾರಿಗೂ ಬೇಡವಾದ ಪಾಳಿಗಳನ್ನೆಲ್ಲ ಮಾಡಿದೆ. ಕೊನೆಗೂ ಮಗಳು ಡೆನಿತ್ಸಾಳಿಗೆ ಕಡುಹಸಿರು ರೇಷ್ಮೆಯ ಗೌನು ಬಂತು. ಗೆಳೆಯರೆಲ್ಲ ಸೇರಿ ಉದ್ದನೆಯ ಬಿಳಿ ಕಾರನ್ನು ಬಾಡಿಗೆಗೆ ಹಿಡಿದರು. ಡೋಲು, ಕ್ಲಾರಿನೆಟ್ಟಿನವರಿಗೂ ಹೇಳಿದ್ದಾಯಿತು. ಆ ಶನಿವಾರ ಮಧ್ಯಾಹ್ನ ನಮ್ಮ ಫ್ಲ್ಯಾಟುಗಳ ಬ್ಲಾಕಿನ ಬಾಗಿಲ ಮುಂದೆ ಗಂಡಸರು ಮೇಜು ಜೋಡಿಸುತ್ತಿದ್ದರು, ನನ್ನ ಒಲೆಯಲ್ಲಿ ಇಡೀ ಕುರಿಮರಿ ಬೇಯುತ್ತಿತ್ತು, ನನಗೆ ಮೂಗು ಒರೆಸಿಕೊಳ್ಳಲೂ ಪುರುಸೊತ್ತಿರಲಿಲ್ಲ.

"ಹೇಗಿದೆಯಮ್ಮಾ?" ಎನ್ನುತ್ತ ಡೆನಿತ್ಸಾ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು.

ಕೂದಲು ಎತ್ತಿ ಕಟ್ಟಿದ್ದಳು, ಕತ್ತು ಉದ್ದವಾಗಿ ಕಾಣುತ್ತಿತ್ತು. ಇವಳನ್ನು ನಾನೇ ಹೆತ್ತದ್ದಾ ಅನ್ನಿಸಿತು. ದೃಷ್ಟಿಯಾಗದಿರಲಿ ಎಂದು ಥೂ ಥೂ ಅನ್ನಲು ಬಾಯಿ ತೆರೆದವಳು ಅವಳ ಕಿವಿ ನೋಡಿ ಹಾಗೇ ನಿಂತೆ. ಕಿವಿಯಲ್ಲಿ ನನ್ನ ಅಮ್ಮನ ಕೆಂಪು ಹರಳಿನ ಓಲೆಗಳಿದ್ದವು.

ಆ ಓಲೆ ನಮ್ಮ ಮನೆಯಲ್ಲಿ ಇರಬೇಕಾದದ್ದಲ್ಲ. ಮೇ ತಿಂಗಳ ಮೊದಲಲ್ಲಿ ಮೂರನೇ ಮಹಡಿಯ ಸ್ಲಾವೆನಾ ಬಂದು, "ಝಿವ್ಕಾ ಚಿಕ್ಕಮ್ಮಾ, ಶಾಲೆ ಆಲ್ಬಮ್ಮಿಗೆ ಫೋಟೋ ತೆಗೀತಾರೆ, ಒಂದಿನಕ್ಕೆ ಕೊಡ್ತೀರಾ?" ಎಂದು ಕೇಳಿದ್ದಳು. ಡೆನಿತ್ಸಾಳ ಜೊತೆ ಮರಳಲ್ಲಿ ಆಡಿ ಬೆಳೆದ ಹುಡುಗಿ, ನಮ್ಮ ಮನೆಯ ಸೂಪು ಕುಡಿದೇ ಅರ್ಧ ಎತ್ತರವಾದವಳು, ಇಲ್ಲವೆನ್ನಲಾದೀತೇ? ಕೊಟ್ಟೆ. ಫೋಟೋ ತೆಗೆಸಿಕೊಂಡ ಆ ಸಂಜೆ ಅವಳು ಮನೆಗೆ ಬರಲಿಲ್ಲ. ಆಮೇಲೂ ಬರಲಿಲ್ಲ. ಪೊಲೀಸರು ಬರೆದುಕೊಂಡು, ಈ ವಯಸ್ಸಿನವರು ಹೀಗೇ, ಯಾವನ ಜೊತೆಗೋ ಗ್ರೀಸಿಗೆ ಹೋಗಿರುತ್ತಾಳೆ, ಕೈ ಖಾಲಿಯಾದಾಗ ಫೋನು ಮಾಡುತ್ತಾಳೆ ಅಂದರು. ನಾನೂ ಬೇಕರಿಯಲ್ಲಿ ನಾಲ್ಕು ಜನರ ಮುಂದೆ ಅದೇ ಮಾತು ಆಡಿದೆ.

ಅವಳ ತಾಯಿ ತ್ಸೋಂಕಾ ಆಸ್ಪತ್ರೆಯ ನೆಲ ಒರೆಸುವವಳು. ಗಂಡ ಬಿಟ್ಟುಹೋಗಿ ಎಷ್ಟೋ ಕಾಲವಾಗಿತ್ತು, ಇದ್ದವಳು ಇದೊಬ್ಬಳೇ ಮಗಳು. ಹಿಂದಿನ ವಾರ ನಮ್ಮ ಬಾಗಿಲಿಗೆ ಬಂದು, ಎಷ್ಟು ಕರೆದರೂ ಒಳಗೆ ಬರದೆ, "ನಿನ್ನ ಓಲೆ ಅವಳ ಕಿವೀಲೇ ಇತ್ತು ಕಣೇ ಝಿವ್ಕಾ. ಬಂದ ತಕ್ಷಣ ನಾನೇ ತಂದ್ಕೊಡ್ತೀನಿ. ನಿನ್ನ ಮುಖ ನೋಡೋಕೇ ನಾಚಿಕೆಯಾಗುತ್ತೆ" ಅಂದಿದ್ದಳು. ಮಗಳೇ ಕಾಣೆಯಾಗಿರುವಾಗ ಅವಳು ಎರವಲು ಓಲೆಗೆ ನಾಚಿಕೊಂಡು ತಲೆ ತಗ್ಗಿಸಿ ನಿಂತಿದ್ದಳು.

"ಈ ಓಲೆ ಎಲ್ಲಿಂದ ಬಂತೇ?" ಎಂದೆ.

"ನಮ್ದೇ ಅಲ್ವಾ?"

"ನಮ್ದೇ. ಎಲ್ಲಿಂದ ಬಂತು ಅಂತ ಕೇಳಿದ್ದು."

"ಅಮ್ಮಾ, ಇವತ್ತು ಶುರು ಹಚ್ಕೋಬೇಡ. ಅಳಿಸಿದ್ರೆ ಮೇಕಪ್ ಹಾಳಾಗುತ್ತೆ."

"ಮೇಕಪ್ ಮನೆ ಹಾಳಾಗ! ಸ್ಲಾವೆನಾ ಬಂದಿದ್ಲಾ? ಫೋನ್ ಮಾಡಿದ್ಲಾ? ಅವಳಮ್ಮ ಅಲ್ಲಿ ಅನ್ನ ನೀರು ಬಿಟ್ಟು ಕೂತಿದ್ದಾಳೆ, ಬಾಯಿ ಬಿಡೇ!"

ಅವಳು ಕುರ್ಚಿಯ ಮೇಲೆ ಗೌನು ಸುಕ್ಕಾಗದ ಹಾಗೆ ಅಂಚಿಗೆ ಕೂತಳು. ಆಗತಾನೇ ಬಣ್ಣ ಹಚ್ಚಿದ ಉಗುರಿಗೆ ಉಫ್ ಎಂದು ಊದಿಕೊಂಡಳು. ನಾನು ಒಲೆ ಆರಿಸುವುದನ್ನೂ ಮರೆತು ನಿಂತೆ.

"ಅವಳೇನೂ ಕೊಡ್ಲಿಲ್ಲ. ನಾನೇ ಬಿಚ್ಕೊಂಡು ಬಂದೆ. ಹಸಿರಿಗೆ ಇದೇ ಒಪ್ಪೋದು. ಅವಳಿಗೆ ಇನ್ಮೇಲೆ ಬೇಕಾಗಲ್ಲ."

ಅವಳ ಭುಜ ಹಿಡಿದು, ಬೇಕಾಗಲ್ಲ ಅಂದ್ರೇನೇ ಎಂದೆ.

ಹೇಳಿದಳು. ಬಸ್ಸು ತಪ್ಪಿದ ಕಥೆ ಹೇಳುವ ದನಿಯಲ್ಲಿ ಎಲ್ಲವನ್ನೂ ಹೇಳಿದಳು. ಫೋಟೋ ತೆಗೆದ ಸಂಜೆ ಸ್ಲಾವೆನಾ, ಪಕ್ಕದ ಬ್ಲಾಕಿನ ಕಾಲೋಯಾನ್ ಜೊತೆ ಊರ ಹೊರಗಿನ ಹಾಳುಬಿದ್ದ ಇಟ್ಟಿಗೆ ಭಟ್ಟಿಗೆ ಹೋಗಿದ್ದಳಂತೆ. ಅವರಿಬ್ಬರ ನಡುವೆ ಏನೋ ಇತ್ತು ಅಂತ ನಮಗೆ, ಹಿರಿಯರಿಗೆ, ಗೊತ್ತೇ ಇರಲಿಲ್ಲ. ಸೆಂಡಾಫಿಗೆ ನಿನ್ನ ಜೊತೆ ಬರಲ್ಲ, ನೀನು ಬೇಡ ಅಂದಳಂತೆ. ಅವನು ಕತ್ತು ಹಿಡಿದನಂತೆ. ಮಾರನೇ ದಿನ ಕಾಫಿ ಅಂಗಡಿಯಲ್ಲಿ ಕೂತು ಇವಳಿಗೂ ತರಗತಿಯ ಗೆಳೆಯರಿಗೂ ಹೇಳಿದನಂತೆ.

"ಮತ್ತೆ ನೀವು?"

"ಮೊದ್ಲು ನಂಬ್ಲಿಲ್ಲ. ಸುಳ್ಳು ಹೊಡೀತಾನೆ ಅಂದ್ಕೊಂಡ್ವಿ. ಆಮೇಲೆ ಹೋಗಿ ನೋಡಿದ್ವಿ."

"ಯಾರ್ಯಾರು?"

"ಎಲ್ರೂ. ಬೋರ್ಕೊ ಮಾತ್ರ ಕಾರಿಂದ ಇಳೀಲಿಲ್ಲ. ಕೆಸರಿತ್ತು, ಅವನ ಬೂಟು ಹೊಸದು."

ಕೆನ್ನೆಗೆ ಬಾರಿಸಿದೆ. ಕೈ ತಾನಾಗಿ ಹೋಯಿತು. ಅವಳು ಅಳಲಿಲ್ಲ, ಕನ್ನಡಿಯ ಕಡೆಗೆ ತಿರುಗಿ ಬಣ್ಣ ಕದಡಿತಾ ಅಂತ ನೋಡಿಕೊಂಡಳು. ನಿಜ ಹೇಳಬೇಕೆಂದರೆ, ಸತ್ತ ಹುಡುಗಿಗಿಂತ ಮೊದಲು ನನ್ನ ಹೊಟ್ಟೆ ಉರಿದದ್ದು ಅದಕ್ಕೆ. ಇವಳೊಳಗೆ ಏನೂ ಇಲ್ಲವಾ? ನಾನು ಇಷ್ಟು ವರ್ಷ ಸಾಕಿದ್ದು ಯಾವುದನ್ನು?

"ಯಾಕೆ ಹೇಳ್ಲಿಲ್ಲ? ಹೆದ್ರಿಸಿದ್ನಾ ಅವನು? ಹೇಳು, ಹೆದ್ರಿಸಿದ್ನಾ?" ಹೂಂ ಅನ್ನಲಿ ಎಂದು ನನಗೆ ಅಷ್ಟು ಆಸೆಯಿತ್ತು.

"ಕಾಲೋ ಯಾಕೆ ಹೆದರಿಸ್ತಾನೆ? ಎಲ್ರೂ ಸೇರಿ ಮಾತಾಡ್ಕೊಂಡ್ವಿ. ಸೆಂಡಾಫ್ ಆದ್ಮೇಲೆ ಹೇಳೋದು ಅಂತ. ಮೊದ್ಲೇ ಗೊತ್ತಾದ್ರೆ ಊರೆಲ್ಲ ಸೂತಕ ಅಂತ ಕೂರ್ತಿತ್ತು, ಹೆಡ್‌ಮೇಡಂ ಎಲ್ಲಾನೂ ಕ್ಯಾನ್ಸಲ್ ಮಾಡ್ತಿದ್ರು. ಅಪ್ಪ ಅಷ್ಟು ಕಷ್ಟಪಟ್ಟಿದ್ದೆಲ್ಲ ನೀರಲ್ಲಿ ಹೋಮ. ನಾವು ಬೇಗ ಹೇಳಿದ್ರೆ ಅವಳೇನು ಎದ್ದು ಬರ್ತಿದ್ಲಾ?"

"ಅವಳು ನಿನ್ನ ಗೆಳತಿ ಕಣೇ!"

"ಹೌದು. ಅದಕ್ಕೇ ಮುಖಕ್ಕೆ ನನ್ನ ಸ್ಕಾರ್ಫ್ ಹೊದಿಸಿ ಬಂದೆ." ಆಮೇಲೆ ಅವಳು ನನ್ನನ್ನೇ ನೆಟ್ಟಗೆ ನೋಡಿದಳು. ಕಣ್ಣಲ್ಲಿ ಕುಹಕವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ, ಇದ್ದದ್ದು ಬರೀ ಆಶ್ಚರ್ಯ. "ನೀವೂ ಹಂಗೇ ಮಾಡಿದ್ರಲ್ಲಮ್ಮಾ. ಮಾಮನ ಮದುವೆ ಹಿಂದಿನ ದಿನ ತಾತ ಸತ್ತಾಗ. ಹಿಂದಿನ ಕೋಣೇಲಿ ಮಲಗಿಸಿ, ಜ್ವರ ಬಂದಿದೆ ಅಂತ ಎಲ್ರಿಗೂ ಹೇಳಿದ್ರಿ. ನೀನು ನನ್ನನ್ನೇ ಬಾಗಿಲಲ್ಲಿ ಕೂರಿಸಿದ್ದೆ. ಯಾರಾದ್ರೂ ಬಂದ್ರೆ ತಾತ ಮಲಗಿದ್ದಾನೆ ಅನ್ನು, ಅಳಬೇಡ, ಅತ್ರೆ ಗೊತ್ತಾಗುತ್ತೆ ಅಂದಿದ್ದೆ. ನಾನು ಅಳ್ಲಿಲ್ಲ. ಜಾಣೆ ಅಂತ ನೀನು ಮುತ್ತು ಕೊಟ್ಟೆ."

ಕೊಟ್ಟಿದ್ದೆ. ಅದು ಬೇರೆ, ತಾತ ವಯಸ್ಸಾಗಿ ಹೋದ, ಮದುವೆ ನಿಲ್ಲಿಸಿದರೆ ಹೆಣ್ಣಿನ ಕಡೆಯವರಿಗೆ ಅಪಶಕುನ, ಹಳ್ಳಿಗಳಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ ಎಂದೆಲ್ಲ ಬಾಯಿಗೆ ಬಂತು. ಅದನ್ನು ಹೇಳುವ ಬದಲು ಅವಳ ಕಿವಿಯಿಂದ ಓಲೆ ಬಿಚ್ಚಿ ಸಿಂಕಿನ ಪಕ್ಕ ಇಟ್ಟೆ. ಅವಳು ಸುಮ್ಮನೆ ಬಿಚ್ಚಿಸಿಕೊಂಡಳು.

ಫೋನು ಕೈಗೆತ್ತಿಕೊಳ್ಳುವಷ್ಟರಲ್ಲಿ ಗೆಂಚೊ ರಾಕಿಯಾ ಸಾರಾಯಿಯ ಬಾಟಲಿಗಳ ಪೆಟ್ಟಿಗೆ ಹೊತ್ತು ಒಳಗೆ ಬಂದ. ನನ್ನ ಮುಖ ನೋಡಿ ಪೆಟ್ಟಿಗೆ ಇಳಿಸಿದ. ಹೇಳಿದೆ. ಡೆನಿತ್ಸಾಳನ್ನು ಕೋಣೆಗೆ ಕಳಿಸಿ ಬಾಗಿಲು ಹಾಕಿದ. ಎರಡೂ ಕೈ ತಲೆಯ ಮೇಲಿಟ್ಟುಕೊಂಡ. ಕೆಟ್ಟವನಲ್ಲ ನನ್ನ ಗಂಡ. ಬೀದಿನಾಯಿಗೆ ಕಾಲು ಮುರಿದರೂ ಮನೆಗೆ ಎತ್ತಿಕೊಂಡು ಬರುವವನು.

"ಫೋನ್ ಕೆಳಗಿಡು," ಎಂದ.

"ಗೆಂಚೊ, ಅಲ್ಲಿ ಅವಳಮ್ಮ..."

"ಕೆಳಗಿಡು ಅಂದೆ. ಇವಳಿಗೆ ಹದಿನೆಂಟಾಗಿದೆ. ಗೊತ್ತಿದ್ದೂ ಮುಚ್ಚಿಟ್ಟಿದ್ದಾಳೆ, ಹೆಣದ ಮೈಮೇಲಿಂದ ಓಲೆ ಬಿಚ್ಕೊಂಡು ಬಂದಿದ್ದಾಳೆ. ಸುಮ್ನೆ ಬಿಡ್ತಾರಾ? ಅವನ ಜೊತೆ ಇವಳನ್ನೂ ಒಳಗೆ ಹಾಕ್ತಾರೆ. ಊರೆಲ್ಲ ಕೆಳಗೆ ಸೇರಿದೆ, ಅವರ ಮುಂದೆ ಗೌನ್ ಹಾಕ್ಕೊಂಡು ಪೊಲೀಸ್ ಜೀಪ್ ಹತ್ತಬೇಕಾ ನನ್ನ ಮಗಳು? ಇವತ್ತೊಂದು ರಾತ್ರಿ. ಬೆಳಿಗ್ಗೆ ನಾನೇ ವಕೀಲರನ್ನ ಹಿಡಿದು, ಇವಳನ್ನ ಕರ್ಕೊಂಡು ಹೋಗಿ ಹೇಳಿಸ್ತೀನಿ. ತಾನಾಗೇ ಬಂದು ಹೇಳಿದ್ಲು ಅಂತ ಆಗುತ್ತೆ."

"ನಾಳೆ?"

"ನಾಳೆ. ನನ್ನಮ್ಮನಾಣೆ."

ನಾನು ಫೋನು ಕೆಳಗಿಟ್ಟೆ. ಕೋಣೆಯ ಬಾಗಿಲು ತೆಗೆದು, ನಾಳೆ ಬೆಳಿಗ್ಗೆ ಹೇಳೋದು, ಎಲ್ಲರೂ ಹೋಗಿ ಹೇಳೋದು, ಗೊತ್ತಾಯಿತಾ ಅಂದೆ. ನಾನೂ ಹೇಳ್ತಿದ್ದಿದ್ದು ಅದೇ ಅಲ್ವಾ ಎಂದಳು. ಒಲೆಯಿಂದ ಸೀದ ವಾಸನೆ ಬಂತು, ಓಡಿಹೋಗಿ ಕುರಿಮರಿ ಹೊರಗೆ ತೆಗೆದೆ. ಒಂದು ಕಡೆ ಮಾತ್ರ ಕಪ್ಪಾಗಿತ್ತು, ಅಷ್ಟನ್ನು ಕೊಯ್ದು ತೆಗೆದೆ.

ಸಂಜೆಯ ಹೊತ್ತಿಗೆ ಕೆಳಗೆ ಜನ ಕಿಕ್ಕಿರಿದಿದ್ದರು. ಡೋಲು ಶುರುವಾಗಿತ್ತು. ಬ್ಲಾಕಿನ ಬಾಗಿಲಿಗೆ ಸಾವಿನ ಚೀಟಿಗಳನ್ನು ಅಂಟಿಸುವುದು ಮೊದಲಿನಿಂದ ಬಂದದ್ದು, ಅವುಗಳ ನಡುವೆಯೇ ತ್ಸೋಂಕಾ, ಕಾಣೆಯಾಗಿದ್ದಾಳೆಂದು ಬರೆದು ಮಗಳ ಫೋಟೋ ಅಂಟಿಸಿದ್ದಳು. ಯಾರೋ ಪುಣ್ಯಾತ್ಮರು ಸರಿಯಾಗಿ ಅದರ ಮೇಲೆ ಬಲೂನಿನ ಗೊಂಚಲು ಕಟ್ಟಿದ್ದರು. ಆ ದಿನ ತೆಗೆಯುವ ಫೋಟೋಗಳು ಚೆನ್ನಾಗಿ ಬರಲಿ ಅಂತಲೇ ಇರಬೇಕು. ನಾನು ನೋಡಿದೆ, ಬಿಚ್ಚಲಿಲ್ಲ.

ಕಾಲೋಯಾನ್ ಬಂದ. ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಕೈಯಲ್ಲಿ ಹೂಗುಚ್ಛ. ಹೂವು ನನಗೆ ಕೊಟ್ಟು, ಬಗ್ಗಿ ನನ್ನ ಕೈಗೆ ಮುತ್ತಿಟ್ಟ.

"ಏನ್ ಚಿಕ್ಕಮ್ಮಾ, ಘಮಘಮ ಅಂತ ಬೀದಿ ಕೊನೇವರೆಗೂ ಬರ್ತಿದೆ! ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಮೊದ್ಲು ತಟ್ಟೆ ಕೊಡಿ."

ಕೊಟ್ಟೆ. ಅವನ ಬೆರಳುಗಳನ್ನೇ ನೋಡುತ್ತ ಕೊಟ್ಟೆ. ಅವನು ಇನ್ನೊಂದು ತುಂಡು ಕೇಳಿ ಹಾಕಿಸಿಕೊಂಡ. ಬೋರ್ಕೊ ಬಾಯಿ ತುಂಬ ಚೀಸ್ ತುಂಬಿದ ಬಾನಿತ್ಸಾ ತುರುಕಿಕೊಂಡು, "ಲೋ, ನನಗೂ ಉಳಿಸೋ ಹಸಿದ ತೋಳ" ಎಂದು ಅವನ ಬೆನ್ನಿಗೆ ಗುದ್ದಿದ. ಎಲ್ಲರೂ ನಕ್ಕರು, ನನ್ನ ಮಗಳೂ ನಕ್ಕಳು. ನನಗೆ ಆ ನಗುವಿಗಿಂತ ದೊಡ್ಡ ಹೆದರಿಕೆ ಇರಲಿಲ್ಲ.

ಆಗ ತ್ಸೋಂಕಾ ಇಳಿದು ಬಂದಳು.

ಇಸ್ತ್ರಿ ಮಾಡಿದ ಅಂಗಿ ಹಾಕಿದ್ದಳು. ಎದೆಗೊತ್ತಿ ತಾಮ್ರದ ಬಿಂದಿಗೆ ಹಿಡಿದಿದ್ದಳು, ಅದರಲ್ಲಿ ನೀರು, ನೀರಿನಲ್ಲಿ ಒಂದು ಹೂವು. ಮಕ್ಕಳು ಮನೆಯಿಂದ ಹೊರಡುವಾಗ ಮುಂದಿನ ದಾರಿ ನೀರು ಹರಿದ ಹಾಗೆ ಸುಗಮವಾಗಲಿ ಎಂದು ಕಾಲ ಮುಂದೆ ಚೆಲ್ಲುವ ನೀರು. ಚಳಿಗಾಲದಲ್ಲೇ ಅವಳು ಹೇಳಿದ್ದಳು, ಇಬ್ಬರೂ ಒಂದೇ ಬಾಗಿಲಿಂದ ಹೊರಡುತ್ತಾರೆ, ಇಬ್ಬರಿಗೂ ನಾನೇ ಚೆಲ್ಲುತ್ತೇನೆ ಎಂದು. ನಾವೆಲ್ಲ ಅದನ್ನು ಮರೆತಿದ್ದೆವು.

"ಬರಬಾರದಿತ್ತೇನೋ," ಎಂದಳು ಮೆಲ್ಲಗೆ. "ಆದ್ರೆ ಮಾತು ಕೊಟ್ಟಿದ್ದೆ. ಮಗು ಒಳ್ಳೇ ದಿನ ಹೊರಡ್ತಿರೋವಾಗ ನಾನು ಬಾಗಿಲು ಹಾಕ್ಕೊಂಡು ಕೂತ್ರೆ ಚೆನ್ನಾಗಿರಲ್ಲ."

ಬಲೂನುಗಳನ್ನು ನೋಡಿದಳು. ಯಾರನ್ನೂ ಬೈಯಲಿಲ್ಲ, ಮಗಳ ಮುಖ ಕಾಣುವಷ್ಟು ಪಕ್ಕಕ್ಕೆ ಸರಿಸಿದಳು. ನಾನು ಅವಳನ್ನು ಎಳೆದು ಕೂರಿಸಿ ತಟ್ಟೆ ತುಂಬಿಸಿದೆ. ಒಳ್ಳೇ ತುಂಡು ಆರಿಸಿ ಹಾಕಿದೆ. ತಿನ್ನು, ತಿನ್ನು, ಎಷ್ಟು ಸೊರಗಿದ್ದೀಯ ನೋಡು ಅಂದೆ. ಮಾತಾಡುತ್ತಲೇ ಇದ್ದೆ, ನಿಲ್ಲಿಸಿದರೆ ಬೇರೆ ಮಾತು ಹೊರಗೆ ಬೀಳುತ್ತದೆ ಎಂಬ ಭಯ. ಅವಳು ನನಗೋಸ್ಕರ ಎರಡು ತುತ್ತು ತಿಂದಳು.

"ಆ ಓಲೆ ವಿಷಯ, ಝಿವ್ಕಾ..."

"ಬಿಡೇ, ಓಲೆ ಯಾರಿಗೆ ಬೇಕು! ಬ್ರೆಡ್ ತಗೋ."

ಬಿಳಿ ಕಾರು ಹಾರನ್ ಹೊಡೆಯುತ್ತ ಬಂದು ನಿಂತಿತು. ಒಳಗಿದ್ದ ಹುಡುಗರು ಕಿಟಕಿಗಳಿಂದ ಸೊಂಟದವರೆಗೆ ಹೊರಗೆ ಬಂದು, ಕಳೆದ ತರಗತಿಗಳನ್ನು ಒಂದು, ಎರಡು, ಮೂರು ಎಂದು ಕೂಗಿ ಎಣಿಸಲು ಶುರು ಮಾಡಿದರು. ಡೆನಿತ್ಸಾ ಬಾಗಿಲ ಮೆಟ್ಟಿಲಿಗೆ ಬಂದಳು. ತ್ಸೋಂಕಾ ಎದ್ದು, ಬಿಂದಿಗೆ ಬಗ್ಗಿಸಿ ಅವಳ ಕಾಲ ಮುಂದೆ ನೀರು ಚೆಲ್ಲಿದಳು. "ಹೋಗ್ಬಾ ಮಗಳೇ, ಎಲ್ಲ ಸಲೀಸಾಗ್ಲಿ" ಎಂದು ಹಣೆಗೆ ಮುತ್ತಿಟ್ಟಳು. ನನ್ನ ಮಗಳು ಥ್ಯಾಂಕ್ಸ್ ಚಿಕ್ಕಮ್ಮಾ ಎಂದು ಗೌನಿನ ಅಂಚು ಎತ್ತಿಕೊಂಡು ನೀರು ದಾಟಿದಳು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಬಿಂದಿಗೆಯಲ್ಲಿ ಅರ್ಧ ನೀರು ಉಳಿದಿತ್ತು. ತ್ಸೋಂಕಾ ಸುತ್ತ ನೋಡಿದಳು. ಕಾಲೋಯಾನ್ ತುಟಿ ಒರೆಸಿಕೊಳ್ಳುತ್ತ ಪಕ್ಕದಲ್ಲೇ ನಿಂತಿದ್ದ.

"ನೀನೂ ಬಾಪ್ಪ," ಎಂದಳು ಅವನಿಗೆ. "ಇದು ನಮ್ಮ ಸ್ಲಾವಿ ಪಾಲಿಂದು. ಚೆಲ್ಲದೆ ಮನೆಗೆ ವಾಪಸ್ ತಗೊಂಡು ಹೋಗ್ಬಾರದು. ನಿನ್ನ ಕಾಲಿಗೆ ಹಾಕ್ತೀನಿ, ಅವಳಿಗೂ ಸೇರುತ್ತೆ."

ಅವನು ಬಂದು ನಿಂತ! ಹಿಂದೆ ಮುಂದೆ ನೋಡದೆ, ಪ್ಯಾಂಟು ಸ್ವಲ್ಪ ಮೇಲೆತ್ತಿಕೊಂಡು, ಒಳ್ಳೆಯ ಹುಡುಗನ ಹಾಗೆ ಬಂದು ನಿಂತ.

"ಬೇಡ!" ಎಂದು ಕಿರುಚಿದೆ. "ಅವನ ಕಾಲಿಗೆ ಬೇಡ ತ್ಸೋಂಕಾ! ಸ್ಲಾವೆನಾ ಹಳೇ ಇಟ್ಟಿಗೆ ಭಟ್ಟೀಲಿದ್ದಾಳೆ!"

ಡೋಲು ನಿಂತಿತು. ಕಾರಿನ ಹುಡುಗರ ಎಣಿಕೆ ನಡುವೆಯೇ ನಿಂತಿತು. ಗೆಂಚೊ ನನ್ನ ತೋಳು ಹಿಡಿದ, ಕೊಸರಿಕೊಂಡೆ.

ತ್ಸೋಂಕಾಳ ಮುಖದಲ್ಲಿ ಮೊದಲು ಬಂದದ್ದು ನಗು. ಅದೊಂದನ್ನು ನಾನು ನೋಡಬಾರದಿತ್ತು. "ಇದ್ದಾಳಾ?" ಎಂದಳು. "ಅಯ್ಯೋ ದೇವರೇ, ಊರಲ್ಲೇ ಇದ್ದಾಳಾ! ಅಲ್ಲಿ ಯಾಕಿದ್ದಾಳೆ? ಊಟಕ್ಕೇನು ಮಾಡ್ತಾಳೆ? ಬೈತೀನಿ ಅಂತ ಹೆದ್ರಿದ್ಲಾ?"

"ಇಲ್ಲ ತ್ಸೋಂಕಾ," ಎಂದೆ. "ಇಲ್ಲ ಕಣೇ. ಅವನು..." ಎಂದು ಕಾಲೋಯಾನ್ ಕಡೆ ಕೈ ತೋರಿಸಿದೆ.

ಅವನು ಓಡಲಿಲ್ಲ. ಜೇಬಿನಿಂದ ಸಿಗರೇಟು ತೆಗೆದು, ಹಚ್ಚಲೋ ಬೇಡವೋ ಎಂಬಂತೆ ನಿಂತ. ಗಂಡಸರು ಅವನ ಸುತ್ತ ಬಂದು ನಿಂತರು. ಬೋರ್ಕೊ ಮಾತ್ರ ಪಕ್ಕದ ಹುಡುಗಿಯನ್ನು, "ಹಂಗಾದ್ರೆ ನಾವು ಹೋಗೋದಿಲ್ವಾ?" ಎಂದು ಕೇಳಿದ್ದು ಎಲ್ಲರಿಗೂ ಕೇಳಿಸಿತು.

ಡೆನಿತ್ಸಾ ಕಾರಿನ ಬಾಗಿಲು ಹಿಡಿದು ನಿಂತಿದ್ದಳು. ಈಗ ಅತ್ತಳು. ನನ್ನ ಮಗಳು ಕೊನೆಗೂ ಅತ್ತಳು, ಬಣ್ಣವೆಲ್ಲ ಕೆನ್ನೆಗೆ ಇಳಿಯಿತು.

"ನಾಳೆ ಹೇಳೋಣ ಅಂತ ನೀನೇ ಒಪ್ಕೊಂಡಿದ್ಯಲ್ಲಮ್ಮಾ!" ಎಂದು ಕಿರುಚಿದಳು. "ನೀನೇ ಒಪ್ಕೊಂಡಿದ್ದೆ!"

ತ್ಸೋಂಕಾ ನನ್ನ ಕಡೆ ತಿರುಗಿದಳು.

"ಯಾವಾಗ ಗೊತ್ತಾಯ್ತು ನಿನಗೆ?"

ಸುಳ್ಳು ಹೇಳಬಹುದಿತ್ತು. ಈಗತಾನೇ ಅನ್ನಬಹುದಿತ್ತು. ಅವಳು ನಂಬುತ್ತಿದ್ದಳು, ನಮ್ಮನ್ನೆಲ್ಲ ಅವಳು ಯಾವಾಗಲೂ ನಂಬಿದವಳು.

"ಮಧ್ಯಾಹ್ನ," ಎಂದೆ.

"ಮಧ್ಯಾಹ್ನ." ಅವಳು ಮೇಜಿನ ಕಡೆ ನೋಡಿದಳು, ತಾನು ತಿಂದು ಬಿಟ್ಟ ತಟ್ಟೆಯ ಕಡೆ. "ಆಮೇಲೆ ನನಗೆ ಬಡಿಸಿದೆ."

ಬಿಂದಿಗೆಯನ್ನು ತುಳುಕದ ಹಾಗೆ ನೆಲಕ್ಕಿಟ್ಟಳು. ಕೋಟು ಇಲ್ಲ, ಕಾಲಲ್ಲಿ ಮನೆಯೊಳಗೆ ಹಾಕುವ ಚಪ್ಪಲಿ, ಹಾಗೇ ಭಟ್ಟಿಯ ರಸ್ತೆ ಹಿಡಿದಳು. ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು, ಒಬ್ಬರೂ ಜೊತೆಗೆ ಹೊರಡಲಿಲ್ಲ. ನಾನು ಹಿಂದೆ ಓಡಿದೆ. ತ್ಸೋಂಕಾ, ನಿಲ್ಲೇ, ನಾನೂ ಬರ್ತೀನಿ, ಒಬ್ಬಳೇ ಹೋಗಬೇಡ ಎಂದು ಅವಳ ತೋಳು ಮುಟ್ಟಿದೆ.

ಅವಳು ನಿಂತಳು. ಬೈಯಲಿ, ಹೊಡೆಯಲಿ, ಉಗಿಯಲಿ ಎಂದು ಕಾದೆ. ತನ್ನ ತೋಳಿನಿಂದ ನನ್ನ ಕೈಯನ್ನು ಮೆಲ್ಲಗೆ ಬಿಡಿಸಿದಳು, ಹೊರಗಿನವರ ಕೈಯನ್ನು ಬಿಡಿಸುವಷ್ಟೇ ಮರ್ಯಾದೆಯಿಂದ.

"ನೀವು ಬರಬೇಡಿ," ಎಂದಳು. "ನಿಮ್ಮ ಮನೆಗೆ ನೆಂಟರು ಬಂದಿದ್ದಾರೆ."

ನಾನು ಅಲ್ಲೇ ನಿಂತುಬಿಟ್ಟೆ.